ಕೀವು, ಜ್ವರ, ಸಿಆರ್‌ಪಿ: ಮುಳ್ಳು ಚುಚ್ಚಿದ ಬೆರಳಲ್ಲಿ ನಡೆದದ್ದೇನು?

ಪ್ರಶ್ನೆ: ನಮ್ಮದು ಮಲ್ಪೆ. ಅಮ್ಮ ಮೀನು ಮಾರುತ್ತಾರೆ. ವಯಸ್ಸು 54, ಶುಗರ್ ಇದೆ. ಹೋದ ವಾರ ಎಟ್ಟಿ (ಸಿಗಡಿ) ಸುಲಿಯುವಾಗ ಅದರ ತಲೆಯ ಮುಳ್ಳು ಹೆಬ್ಬೆರಳಿಗೆ ಚುಚ್ಚಿತು. "ಇದೆಲ್ಲ ದಿನಾ ಇದ್ದದ್ದೇ" ಎಂದು ಸುಮ್ಮನಾದರು. ಮೂರನೇ ದಿನಕ್ಕೆ ಬೆರಳು ಊದಿ ಕೆಂಪಾಯಿತು, ಕೀವು ತುಂಬಿತು, ಕಂಕುಳಲ್ಲಿ ಗಡ್ಡೆ ಎದ್ದಿತು, 102 ಡಿಗ್ರಿ ಜ್ವರ ಬಂತು. ಡಾಕ್ಟರ್ ಕೀವು ತೆಗೆದು ಆಂಟಿಬಯಾಟಿಕ್ ಶುರು ಮಾಡಿದ್ದಾರೆ. ಈಗ ಪರವಾಗಿಲ್ಲ. ರಕ್ತದ ರಿಪೋರ್ಟ್‌ನಲ್ಲಿ ಬಿಳಿ ರಕ್ತಕಣ 17,200, ನ್ಯೂಟ್ರೋಫಿಲ್ ಶೇಕಡಾ 88, ಸಿಆರ್‌ಪಿ 96, ಶುಗರ್ 286 ಎಂದಿದೆ. ಪಕ್ಕದ ಮನೆಯ ಅಕ್ಕ "ಇಮ್ಯುನಿಟಿ ಇಲ್ಲದ್ದಕ್ಕೇ ಹೀಗಾದದ್ದು" ಎಂದು ಒಂದು ಪೌಡರ್ ಡಬ್ಬಿ ತಂದುಕೊಟ್ಟಿದ್ದಾರೆ. ಬಿಳಿ ರಕ್ತಕಣ ಇಷ್ಟು ಜಾಸ್ತಿ ಇರುವಾಗ ಇಮ್ಯುನಿಟಿ ಕಡಿಮೆ ಹೇಗಾಗುತ್ತದೆ? ಜ್ವರದ ಮಾತ್ರೆ ಕೊಟ್ಟರೆ ದೇಹದ ಹೋರಾಟ ನಿಂತುಹೋಗುತ್ತದಾ? ಮತ್ತೆ, ಆ ರಕ್ತಕಣಗಳಿಗೆ ಹೆಬ್ಬೆರಳಿಗೇ ಹೋಗಬೇಕು ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ: ಜ್ವರದ ಮಾತ್ರೆಯಿಂದ ಹೋರಾಟ ನಿಲ್ಲುವುದಿಲ್ಲ. 17,200 ಎನ್ನುವುದು ಇಮ್ಯುನಿಟಿ ಇಲ್ಲ ಎನ್ನುವುದರ ಗುರುತೂ ಅಲ್ಲ, ತುಂಬ ಗಟ್ಟಿ ಇದೆ ಎನ್ನುವುದರ ಗುರುತೂ ಅಲ್ಲ. ಪೌಡರ್ ಡಬ್ಬಿ ಸದ್ಯ ಪಕ್ಕಕ್ಕಿಡಿ. ಶುಗರ್ 286 ಇರುವವರಿಗೆ ಕೊಡುವ ಮೊದಲು ಅದರಲ್ಲಿ ಸಕ್ಕರೆ ಎಷ್ಟಿದೆ ಎಂದಾದರೂ ಓದಿ ನೋಡಿ.

ಇಷ್ಟಕ್ಕೇ ಬಿಡಬಹುದಿತ್ತು. ಆದರೆ ನಿಮ್ಮ ಕೊನೆಯ ಪ್ರಶ್ನೆ ಉಳಿದೆಲ್ಲದಕ್ಕಿಂತ ಚೆನ್ನಾಗಿದೆ. ಕಣಗಳಿಗೆ ದಾರಿ ಹೇಗೆ ಗೊತ್ತಾಗುತ್ತದೆ ಎಂಬುದು ತಿಳಿದರೆ ರಿಪೋರ್ಟಿನ ಆ ನಾಲ್ಕು ಅಂಕಿಗಳು ತಾವಾಗಿಯೇ ಅರ್ಥವಾಗುತ್ತವೆ. ಅಂದ ಹಾಗೆ, ನಾನು ಮಂಗಳೂರಿನಲ್ಲಿ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ರೋಗಿಗಳ ಮುಖಕ್ಕಿಂತ ಅವರ ಕೀವನ್ನೇ ಜಾಸ್ತಿ ನೋಡಿದವನು. ಹಾಗಾಗಿ ಅಮ್ಮನ ಚಿಕಿತ್ಸೆ ಬಗ್ಗೆ ಅವರನ್ನು ನೋಡಿದ ಡಾಕ್ಟರ್ ಮಾತೇ ಕೊನೆಯದು. ಒಳಗೆ ಏನಾಯಿತು ಎಂಬುದನ್ನು ಮಾತ್ರ ನಾನು ಹೇಳುತ್ತೇನೆ.

ಮುಳ್ಳು ಚರ್ಮ ದಾಟಿದ ಕೂಡಲೇ ಅದರ ಜೊತೆ ಬ್ಯಾಕ್ಟೀರಿಯಾ ಒಳಗೆ ಹೋದವು. ಅವು ಎಟ್ಟಿಯದ್ದೇ ಆಗಿರಬೇಕೆಂದಿಲ್ಲ. ಬೆರಳಲ್ಲಿ ಕೀವು ಮಾಡುವ ಬ್ಯಾಕ್ಟೀರಿಯಾಗಳಲ್ಲಿ ಮೊದಲ ಸಂಶಯ ಯಾವಾಗಲೂ ಸ್ಟ್ಯಾಫಿಲೋಕಾಕಸ್ ಆರಿಯಸ್ ಮೇಲೆ. ಅದು ಎಷ್ಟೋ ಆರೋಗ್ಯವಂತರ ಮೂಗಿನೊಳಗೆ, ಚರ್ಮದ ಮೇಲೆ ಸುಮ್ನೆ ಕೂತಿರುತ್ತದೆ. ಮುಳ್ಳು ಅದಕ್ಕೆ ಬಾಗಿಲು ತೆರೆದುಕೊಟ್ಟಿತು, ಅಷ್ಟೇ. ಒಳಗೆ ಹೋದ ಮೇಲೆ ಮುಖ್ಯವಾಗುವುದು ಸಮಯ. ಅನುಕೂಲ ಸಿಕ್ಕಿದರೆ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಎರಡಾಗುತ್ತವೆ. ಲೆಕ್ಕ ಹಾಕಿ ನೋಡಿ: ಯಾರೂ ತಡೆಯದಿದ್ದರೆ ಒಂದು ಇದ್ದದ್ದು ಏಳು ಗಂಟೆಯಲ್ಲಿ 20 ಲಕ್ಷ ದಾಟುತ್ತದೆ. ಆಂಟಿಬಾಡಿ ತಯಾರಾಗಲು ವಾರ ಬೇಕು. ಹಾಗಾದರೆ ಮೊದಲ ಏಳು ಗಂಟೆ ಕಾಯುವವರು ಯಾರು?

ಚರ್ಮದ ಕೆಳಗೆ ಮ್ಯಾಕ್ರೋಫೇಜ್ ಎಂಬ ದೊಡ್ಡ ಕೋಶಗಳು ಮೊದಲಿಂದಲೂ ಬೀಡುಬಿಟ್ಟಿರುತ್ತವೆ. ಅವುಗಳ ಜೊತೆ ಮಾಸ್ಟ್ ಕೋಶಗಳೂ ಇರುತ್ತವೆ. ಇವು ಬ್ಯಾಕ್ಟೀರಿಯಾವನ್ನು ಗುರುತಿಸುವ ಬಗೆ ಬಹಳ ಜಾಣತನದ್ದು. ಲೋಕದಲ್ಲಿರುವ ಲಕ್ಷಾಂತರ ಬ್ಯಾಕ್ಟೀರಿಯಾಗಳ ಪಟ್ಟಿಯೇನೂ ಅವುಗಳ ಬಳಿ ಇಲ್ಲ. ಬ್ಯಾಕ್ಟೀರಿಯಾಗಳಲ್ಲಿ ಮಾತ್ರ ಇದ್ದು, ನಮ್ಮ ಕೋಶಗಳಲ್ಲಿ ಎಂದೂ ಇಲ್ಲದ ಕೆಲವೇ ವಸ್ತುಗಳನ್ನು ಅವು ಹುಡುಕುತ್ತವೆ. ಗೋಡೆಯಲ್ಲಿರುವ ಒಂದು ಬಗೆಯ ಕೊಬ್ಬು-ಸಕ್ಕರೆಯ ಜೋಡಣೆ, ಈಜುವ ಬಾಲದ ಪ್ರೋಟೀನ್, ಹೀಗೆ. ಅವು ತಾಗಿದ ಕೂಡಲೇ ಮ್ಯಾಕ್ರೋಫೇಜಿನ ಮೇಲಿರುವ ಟೋಲ್ ಮಾದರಿಯ ಗ್ರಾಹಕಗಳು, ಅಂದರೆ ಗುರುತು ಹಿಡಿಯುವ ಪ್ರೋಟೀನುಗಳು, ಎಚ್ಚರವಾಗುತ್ತವೆ. ಹೀಗೆ ಇರಬೇಕು ಎಂದು ಅಮೆರಿಕದ ಚಾರ್ಲ್ಸ್ ಜೇನ್‌ವೇ 1989ರಲ್ಲಿ ಬರೀ ತರ್ಕದಿಂದ ಹೇಳಿದ್ದರು. ನೊಣದಲ್ಲಿ ಟೋಲ್ ಎಂಬ ಜೀನ್ ಸೋಂಕು ತಡೆಯುತ್ತದೆ ಎಂದು 1996ರಲ್ಲಿ ಜೂಲ್ಸ್ ಹಾಫ್‌ಮನ್ ತಂಡ ತೋರಿಸಿತು. 1998ರಲ್ಲಿ ಬ್ರೂಸ್ ಬ್ಯೂಟ್ಲರ್ ತಂಡ ಇಲಿಯಲ್ಲಿ ಅಂಥದ್ದೇ ಗ್ರಾಹಕ ಹಿಡಿಯಿತು. ಇಬ್ಬರಿಗೂ 2011ರ ನೊಬೆಲ್ ಪಾಲು ಬಂತು. ಜೇನ್‌ವೇ ಅಷ್ಟರಲ್ಲಿ ತೀರಿಕೊಂಡಿದ್ದರು.

ಗುರುತು ಸಿಕ್ಕ ಮೇಲೆ ಮ್ಯಾಕ್ರೋಫೇಜ್ ಒಂದಷ್ಟು ಬ್ಯಾಕ್ಟೀರಿಯಾಗಳನ್ನು ತಾನೇ ನುಂಗುತ್ತದೆ. ಆದರೆ ಅದರ ನಿಜವಾದ ಕೆಲಸ ಸುದ್ದಿ ಮುಟ್ಟಿಸುವುದು. ನಿಮ್ಮ ಊರಿನ ಕಡಲ ತೀರದಲ್ಲಿ ಕೈರಂಪಣಿ ಬಲೆ ಎಳೆಯುವುದನ್ನು ನೀವು ನೋಡಿರಬಹುದು. ಮೀನಿನ ಹಿಂಡು ಕಂಡವನು ಕೂಗಿ ಹೇಳುತ್ತಾನೆ, ದಡದಲ್ಲಿದ್ದವರೆಲ್ಲ ಬಂದು ಹಗ್ಗಕ್ಕೆ ಕೈ ಹಾಕುತ್ತಾರೆ. ಕಂಡವನೊಬ್ಬನೇ ಬಲೆ ಎಳೆಯಲು ಆಗುವುದಿಲ್ಲ. ಮ್ಯಾಕ್ರೋಫೇಜ್ ಕೂಗುವುದು ಸೈಟೋಕೈನ್ ಎಂಬ ಸಣ್ಣ ಸಣ್ಣ ಪ್ರೋಟೀನುಗಳ ಮೂಲಕ. ಅದರಲ್ಲಿ ನಿಮ್ಮ ಅಮ್ಮನ ಬೆರಳಿಗೆ ಸಂಬಂಧಪಟ್ಟ ನಾಲ್ಕು ಹೆಸರು ನೆನಪಿಟ್ಟರೆ ಸಾಕು: ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-8.

ಮಾಸ್ಟ್ ಕೋಶಗಳು ಹಿಸ್ಟಮಿನ್ ಚೆಲ್ಲುತ್ತವೆ. ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ರಕ್ತ ಜಾಸ್ತಿ ಬರುತ್ತದೆ, ಬೆರಳು ಕೆಂಪಾಗಿ ಬಿಸಿಯಾಗುತ್ತದೆ. ನಾಳದ ಗೋಡೆ ಸಡಿಲವಾಗಿ ರಕ್ತದ ನೀರಿನಂಶ ಹೊರಗೆ ಸೋರುತ್ತದೆ, ಬೆರಳು ಊದುತ್ತದೆ. ಪ್ರೋಸ್ಟಗ್ಲ್ಯಾಂಡಿನ್ ಎಂಬ ವಸ್ತು ನರಗಳನ್ನು ಸೂಕ್ಷ್ಮ ಮಾಡಿ ನೋವು ಕೊಡುತ್ತದೆ. ಬ್ಯಾಕ್ಟೀರಿಯಾ ಮಾಡಿದ ಹಾನಿ ಎಂದು ನೀವು ಅಂದುಕೊಂಡದ್ದರಲ್ಲಿ ಬಹುಪಾಲು ಅಮ್ಮನ ದೇಹವೇ ಬೇಕೆಂದು ಮಾಡಿದ್ದು. ಸೋರುವ ಆ ನೀರಿನ ಜೊತೆ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳೂ ಗಾಯಕ್ಕೆ ಬರುತ್ತವೆ. ಅವು ಬ್ಯಾಕ್ಟೀರಿಯಾದ ಮೈಮೇಲೆ ಅಂಟಿಕೊಂಡು, ಬರುವ ಕಣಗಳಿಗೆ ಹಿಡಿಯಲು ಸುಲಭ ಮಾಡಿಕೊಡುತ್ತವೆ.

ಈಗ ನಿಮ್ಮ ಪ್ರಶ್ನೆಗೆ ಬಂದೆವು. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಮೂಳೆಯ ಮಜ್ಜೆಯಲ್ಲಿ ಹುಟ್ಟುತ್ತವೆ. ದೊಡ್ಡವರಲ್ಲಿ ದಿನಕ್ಕೆ ಸುಮಾರು 10,000 ಕೋಟಿ. ರಕ್ತದಲ್ಲಿ ಅವುಗಳ ಆಯಸ್ಸು ಬಹಳ ಕಮ್ಮಿ. ಹೆಚ್ಚಿನವು ಯಾವ ಗಾಯವನ್ನೂ ಕಾಣದೆ ಸಾಯುತ್ತವೆ. ರಕ್ತದ ವೇಗದಲ್ಲಿ ಹೋಗುತ್ತಿರುವ ಅವುಗಳಿಗೆ ಹೆಬ್ಬೆರಳು ಯಾವುದು, ಮೊಣಕಾಲು ಯಾವುದು ಎಂದು ಗೊತ್ತಿಲ್ಲ. ಗೊತ್ತಾಗುವುದು ರಕ್ತನಾಳದ ಒಳಗೋಡೆಯಿಂದ. ಟಿಎನ್‌ಎಫ್ ಮತ್ತು ಇಂಟರ್‌ಲ್ಯೂಕಿನ್-1 ತಾಗಿದ ಕಡೆ ಮಾತ್ರ ಆ ಗೋಡೆ ತನ್ನ ಒಳಮೈ ಮೇಲೆ ಸೆಲೆಕ್ಟಿನ್ ಎಂಬ ಅಂಟು ಪ್ರೋಟೀನ್ ಚಾಚುತ್ತದೆ. ಹಾದುಹೋಗುವ ನ್ಯೂಟ್ರೋಫಿಲ್ ಅದಕ್ಕೆ ಸ್ವಲ್ಪ ಸಿಕ್ಕಿಕೊಳ್ಳುತ್ತದೆ, ಬಿಡಿಸಿಕೊಳ್ಳುತ್ತದೆ, ಮತ್ತೆ ಸಿಕ್ಕಿಕೊಳ್ಳುತ್ತದೆ. ಹಾಗೆ ಉರುಳುತ್ತಾ ನಿಧಾನವಾಗುತ್ತದೆ. ಅಲ್ಲಿ ಇಂಟರ್‌ಲ್ಯೂಕಿನ್-8 ಅದರ ಮೈಗೆ ತಾಗಿದರೆ ಇಂಟಿಗ್ರಿನ್ ಎಂಬ ಇನ್ನೊಂದು ಕೊಂಡಿ ಬಿಗಿಯಾಗುತ್ತದೆ. ಉರುಳುವುದು ನಿಂತು ಗೋಡೆಗೆ ಗಟ್ಟಿಯಾಗಿ ಅಂಟುತ್ತದೆ. ಆಮೇಲೆ ಮೈ ಕಿರಿದು ಮಾಡಿಕೊಂಡು ಎರಡು ಕೋಶಗಳ ಸಂದಿಯಲ್ಲಿ ನುಸುಳಿ ಹೊರಗೆ ಬರುತ್ತದೆ. ಹೊಳ್ಳೆಯಾಗಲಿ ಕಣ್ಣಾಗಲಿ ಇಲ್ಲದ ಕೋಶ ಇದನ್ನೆಲ್ಲ ಮಾಡುತ್ತದೆ ನೋಡಿ.

ಹೊರಗೆ ಬಂದ ಮೇಲೆ ದಾರಿ ಇನ್ನೂ ಸ್ಪಷ್ಟ. ಇಂಟರ್‌ಲ್ಯೂಕಿನ್-8 ಗಾಯದ ಹತ್ತಿರ ಜಾಸ್ತಿ, ದೂರ ಹೋದಂತೆ ಕಡಿಮೆ. ಕಾಂಪ್ಲಿಮೆಂಟ್ ತುಂಡಾದಾಗ ಹುಟ್ಟುವ ಸಿ5ಎ ಕೂಡ ಹಾಗೆಯೇ. ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಬ್ಯಾಕ್ಟೀರಿಯಾಗಳು ಪ್ರತಿ ಪ್ರೋಟೀನನ್ನೂ ಫಾರ್ಮೈಲ್ ಮೆಥಿಯೊನಿನ್ ಎಂಬ ಅಮೈನೋ ಆಮ್ಲದಿಂದ ಶುರು ಮಾಡುತ್ತವೆ. ನಮ್ಮ ಕೋಶಗಳು ಮಾಮೂಲು ಮೆಥಿಯೊನಿನ್‌ನಿಂದ ಶುರು ಮಾಡುತ್ತವೆ. ಬ್ಯಾಕ್ಟೀರಿಯಾ ಬದುಕಬೇಕಾದರೆ ಪ್ರೋಟೀನ್ ಮಾಡಲೇಬೇಕು, ಮಾಡಿದರೆ ಈ ತುಣುಕು ಸೋರಲೇಬೇಕು. ನ್ಯೂಟ್ರೋಫಿಲ್ ಅದೇ ಜಾಡು ಹಿಡಿದು ನೇರ ಅದರ ಬಳಿಗೆ ಹೋಗುತ್ತದೆ.

ಕಣಗಳು ಮುಳ್ಳಿನ ಕಡೆಗೆ ಹೋಗುತ್ತವೆ ಎಂದು ಮೊದಲು ಕಣ್ಣಾರೆ ಕಂಡವರು ರಷ್ಯಾದ ಇಲ್ಯಾ ಮೆಚ್ನಿಕೋಫ್. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ, ಅವರೂ ಕಡಲ ತೀರದಲ್ಲೇ ಇದ್ದರು. ಕಡಲ ನಕ್ಷತ್ರದ ಮರಿಗಳ ಮೈ ಗಾಜಿನಷ್ಟು ತಿಳಿ. ಅವಕ್ಕೆ ತೋಟದ ಗುಲಾಬಿ ಮುಳ್ಳು ಚುಚ್ಚಿ ಬಿಟ್ಟು, ಮರುದಿನ ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು. 1908ರಲ್ಲಿ ಪೌಲ್ ಎರ್ಲಿಕ್ ಜೊತೆ ಅವರಿಗೆ ನೊಬೆಲ್ ಬಂತು.

ಈ ದಾರಿ ಎಷ್ಟು ಮುಖ್ಯ ಎನ್ನುವುದಕ್ಕೆ ಒಂದು ಅಪರೂಪದ ಹುಟ್ಟು ಕಾಯಿಲೆ ಸಾಕ್ಷಿ. ಅದರಲ್ಲಿ ಇಂಟಿಗ್ರಿನ್ ಕೊಂಡಿ ಇರುವುದಿಲ್ಲ, ಇದ್ದರೂ ತೀರ ಕಡಿಮೆ. ಮಗುವಿನ ರಕ್ತದಲ್ಲಿ ಬಿಳಿ ಕಣಗಳು ವಿಪರೀತ ಜಾಸ್ತಿ ಇರುತ್ತವೆ. ಹೊಕ್ಕುಳ ಬಳ್ಳಿ ಉದುರಲು ತಡವಾಗುತ್ತದೆ. ಮತ್ತೆ ಮತ್ತೆ ಸೋಂಕು ಆಗುತ್ತದೆ. ಆದರೆ ಗಾಯದಲ್ಲಿ ಕೀವೇ ಆಗುವುದಿಲ್ಲ. ಕಣಗಳು ರಕ್ತದಲ್ಲೇ ಸುತ್ತುತ್ತಿರುತ್ತವೆ, ಇಳಿಯಲು ಆಗುವುದಿಲ್ಲ. ಕಣಗಳ ಸಂಖ್ಯೆ ಜಾಸ್ತಿ, ರಕ್ಷಣೆ ಕಡಿಮೆ. "ಇಷ್ಟು ಜಾಸ್ತಿ ಇರುವಾಗ ಕಡಿಮೆ ಹೇಗೆ" ಎಂದು ನೀವು ಕೇಳಿದ್ದಿರಲ್ಲ, ಹೀಗೆ.

ಕೀವಿನ ವಿಚಾರ ಬಂತು, ಸ್ವಲ್ಪ ನಿಲ್ಲುತ್ತೇನೆ. ಯಾಕೆಂದರೆ ಅದು ನನ್ನ ಮೇಜಿಗೆ ಬರುವ ವಸ್ತು. ಗಾಜಿನ ಸ್ಲೈಡಿನ ಮೇಲೆ ಒಂದು ತೊಟ್ಟು ಕೀವು ಸವರಿ, ಬೆಂಕಿಗೆ ತೋರಿಸಿ, ಗ್ರಾಂ ಬಣ್ಣ ಹಾಕಿ, ಎಣ್ಣೆ ಹಾಕಿದ ಲೆನ್ಸಿನಲ್ಲಿ ನೋಡುತ್ತೇವೆ. ಕಣ್ಣಿನ ತುಂಬ ಗುಲಾಬಿ ಬಣ್ಣದ ನ್ಯೂಟ್ರೋಫಿಲ್‌ಗಳು. ಒಂದೊಂದರ ನ್ಯೂಕ್ಲಿಯಸ್ಸೂ ಮೂರು ನಾಲ್ಕು ಹೋಳಾಗಿ ಸಣ್ಣ ಎಳೆಯಲ್ಲಿ ಸೇರಿಕೊಂಡಿರುತ್ತದೆ. ನಡುನಡುವೆ ಕಡು ನೇರಳೆ ಬಣ್ಣದ ಸಣ್ಣ ಗುಂಡುಗಳು, ಗೊಂಚಲು ಗೊಂಚಲಾಗಿ. ಇದು ಸ್ಟ್ಯಾಫಿಲೋಕಾಕಸ್. ಫೋಕಸ್ ಸ್ವಲ್ಪ ತಿರುಗಿಸಿದರೆ ಕೆಲವು ಗುಂಡುಗಳು ನ್ಯೂಟ್ರೋಫಿಲಿನ ಹೊಟ್ಟೆಯೊಳಗೆ ಇರುವುದು ಕಾಣುತ್ತದೆ. ಕೆಲವು ಕಣಗಳು ಒಡೆದು ಬರೀ ಬಣ್ಣದ ಮಸಿಯಾಗಿ ಹರಡಿರುತ್ತವೆ. ಕೀವು ಎಂದರೆ ಬಹುತೇಕ ಇದೇ: ಬದುಕಿದ, ಸಾಯುತ್ತಿರುವ, ಸತ್ತ ನ್ಯೂಟ್ರೋಫಿಲ್‌ಗಳು, ಜೊತೆಗೆ ಕರಗಿದ ಅಂಗಾಂಶ ಮತ್ತು ಬ್ಯಾಕ್ಟೀರಿಯಾ.

ನುಂಗಿದ ಮೇಲೆ ಕೊಲ್ಲುವುದು ಹೇಗೆ? ನ್ಯೂಟ್ರೋಫಿಲ್ ಆಮ್ಲಜನಕವನ್ನು ಸೆಳೆದು ಮೊದಲು ಸೂಪರ್‌ಆಕ್ಸೈಡ್, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಅದಕ್ಕೆ ಉಪ್ಪಿನ ಕ್ಲೋರೈಡ್ ಸೇರಿಸಿ ಹೈಪೋಕ್ಲೋರಸ್ ಆಮ್ಲ ಮಾಡುತ್ತದೆ. ನೆಲ ಒರೆಸುವ ಬ್ಲೀಚಿನಲ್ಲಿ ಕೀಟಾಣು ಕೊಲ್ಲುವ ವಸ್ತುವೂ ಇದೇ. ಈ ಕೊನೆಯ ಹೆಜ್ಜೆ ಮಾಡುವ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವದ ಬಣ್ಣವೇ ಹಸಿರು. ಕೀವಿಗೆ ಬರುವ ಮಂಕು ಹಸಿರು ಛಾಯೆಗೆ ಅದೂ ಒಂದು ಕಾರಣ. ಇದರ ಜೊತೆ ಪ್ರೋಟೀನ್ ಕರಗಿಸುವ ಕಿಣ್ವಗಳೂ ಇರುತ್ತವೆ. 2004ರಲ್ಲಿ ಬರ್ಲಿನ್ನಿನ ವಿಜ್ಞಾನಿಗಳು ಇನ್ನೊಂದು ವಿಚಿತ್ರ ಕಂಡರು. ಕೆಲವು ನ್ಯೂಟ್ರೋಫಿಲ್‌ಗಳು ತಮ್ಮದೇ ಡಿಎನ್‌ಎಯನ್ನು ಹೊರಗೆ ಚೆಲ್ಲಿ, ಅದರ ಎಳೆಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಸಿಕ್ಕಿಸಿ ಕೊಲ್ಲುತ್ತವೆ.

ಇಷ್ಟೆಲ್ಲ ಇದ್ದರೂ ಡಾಕ್ಟರ್ ಕೀವು ಯಾಕೆ ತೆಗೆದರು ಅಂದರೆ, ಕೀವು ಗೂಡುಕಟ್ಟಿದ ಮೇಲೆ ಅದರೊಳಗೆ ರಕ್ತನಾಳ ಇರುವುದಿಲ್ಲ. ಹೊಸ ಕಣಗಳು ತಲುಪುವುದು ಕಷ್ಟ, ಆಮ್ಲಜನಕ ಕಡಿಮೆ, ಔಷಧವೂ ಸರಿಯಾಗಿ ಇಳಿಯುವುದಿಲ್ಲ. ಕೊಯ್ದು ಹೊರಗೆ ಬಿಡುವುದೇ ಅರ್ಧ ಚಿಕಿತ್ಸೆ.

ಬ್ಯಾಕ್ಟೀರಿಯಾಗಳೂ ಸುಮ್ನೆ ಕೂರುವುದಿಲ್ಲ. ಸ್ಟ್ಯಾಫಿಲೋಕಾಕಸ್ ಆರಿಯಸ್ ಒಂದು ಪ್ರೋಟೀನ್ ಬಿಟ್ಟು, ನಾನು ಮೇಲೆ ಹೇಳಿದ ಸಿ5ಎ ಮತ್ತು ಫಾರ್ಮೈಲ್ ತುಣುಕಿನ ಗ್ರಾಹಕಗಳೆರಡನ್ನೂ ಮುಚ್ಚಿಬಿಡುತ್ತದೆ. ಹುಡುಕಿ ಬರುವವನ ಜಾಡೇ ತಪ್ಪಿಸಿದ ಹಾಗೆ. ಇನ್ನೊಂದು ವಿಷ ಬಿಟ್ಟು ನ್ಯೂಟ್ರೋಫಿಲಿಗೆ ತೂತು ಮಾಡುತ್ತದೆ. ಆಂಟಿಬಾಡಿಯನ್ನು ತಲೆಕೆಳಗಾಗಿ ಹಿಡಿದು ಕೆಲಸಕ್ಕೆ ಬಾರದ ಹಾಗೆ ಮಾಡುತ್ತದೆ. ಕೋಟ್ಯಂತರ ವರ್ಷಗಳ ಹಗ್ಗಜಗ್ಗಾಟ ಇದು, ಒಂದೇ ಬೆರಳಲ್ಲಿ ಮುಗಿಯುವಂಥದ್ದಲ್ಲ.

ಈಗ ಜ್ವರಕ್ಕೆ ಬರೋಣ. ಬೆರಳಿನ ಸುದ್ದಿ ಬೆರಳಲ್ಲೇ ಉಳಿಯದೆ ರಕ್ತಕ್ಕೆ ಸೇರಿದಾಗ ಮೂರು ಕಡೆ ಮುಟ್ಟುತ್ತದೆ. ಮಿದುಳು, ಪಿತ್ತಜನಕಾಂಗ, ಮೂಳೆಯ ಮಜ್ಜೆ. ಮಿದುಳಿನಲ್ಲಿ ಮೈಬಿಸಿ ನೋಡಿಕೊಳ್ಳುವ ಹೈಪೋಥಲಾಮಸ್‌ನಲ್ಲಿ ಇಂಟರ್‌ಲ್ಯೂಕಿನ್-1, 6 ಮತ್ತು ಟಿಎನ್‌ಎಫ್ ಸೇರಿ ಪ್ರೋಸ್ಟಗ್ಲ್ಯಾಂಡಿನ್ ಇ2 ಹುಟ್ಟಿಸುತ್ತವೆ. ಅದರಿಂದ ದೇಹ "ನನ್ನ ಸರಿಯಾದ ಬಿಸಿ 98.6 ಅಲ್ಲ, 102" ಎಂದು ನಂಬುತ್ತದೆ. ಅದಕ್ಕೇ ಮೈ ಸುಡುತ್ತಿದ್ದರೂ ಚಳಿ ಎಂದು ಕಂಬಳಿ ಕೇಳುವುದು. ಪ್ಯಾರಸಿಟಮಾಲ್ ತಡೆಯುವುದು ಈ ಪ್ರೋಸ್ಟಗ್ಲ್ಯಾಂಡಿನ್ನನ್ನು. ಬೆರಳಲ್ಲಿ ನ್ಯೂಟ್ರೋಫಿಲ್ ಇಳಿಯುವ ದಾರಿ, ನುಂಗುವ ಕೆಲಸ ನಡೆದೇ ಇರುತ್ತದೆ. ಬಿಸಿ ಹೆಚ್ಚಾದರೆ ಕಣಗಳು ಚುರುಕಾಗುತ್ತವೆ, ಕೆಲವು ಬ್ಯಾಕ್ಟೀರಿಯಾಗಳಿಗೆ ಕಷ್ಟವಾಗುತ್ತದೆ ಎನ್ನುವುದು ನಿಜ. ಹಾಗಂತ ಮಾತ್ರೆ ಕೊಟ್ಟರೆ ನಷ್ಟವೇ? ಸೋಂಕಿನಿಂದ ಐಸಿಯು ಸೇರಿದ 700 ರೋಗಿಗಳ ಮೇಲೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಪ್ಯಾರಸಿಟಮಾಲ್ ಪಡೆದವರು ಐಸಿಯುನಿಂದ ಬೇಗ ಹೊರಗೆ ಬರಲೂ ಇಲ್ಲ, ಅವರಿಗೆ ತೊಂದರೆ ಜಾಸ್ತಿ ಆಗಲೂ ಇಲ್ಲ. ಹಾಗಾಗಿ ಅಮ್ಮನಿಗೆ ಮೈಕೈ ನೋವು, ಸುಸ್ತು ಇದ್ದರೆ ಡಾಕ್ಟರ್ ಹೇಳಿದ ಅಳತೆಯಲ್ಲಿ ಕೊಡಿ. ಆರಾಮಾಗಿದ್ದು ಥರ್ಮಾಮೀಟರ್ ಮಾತ್ರ 100 ತೋರಿಸಿದರೆ ಅದರ ಹಿಂದೆ ಬೀಳಬೇಕಾಗಿಲ್ಲ.

ಪಿತ್ತಜನಕಾಂಗದಲ್ಲಿ ಆಗುವುದು ಇನ್ನೂ ಸ್ವಾರಸ್ಯ. ಇಂಟರ್‌ಲ್ಯೂಕಿನ್-6 ಮುಟ್ಟಿದ ಕೂಡಲೇ ಅದು ಸಿಆರ್‌ಪಿ ತಯಾರಿಸಲು ಶುರು ಮಾಡುತ್ತದೆ. ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ 1930ರಲ್ಲೇ ಕಂಡ ಪ್ರೋಟೀನ್ ಇದು. ಬ್ಯಾಕ್ಟೀರಿಯಾ ಮತ್ತು ಸತ್ತ ಕೋಶಗಳಿಗೆ ಅಂಟಿಕೊಂಡು ಕಾಂಪ್ಲಿಮೆಂಟನ್ನು ಕರೆಯುತ್ತದೆ. ಮಾಮೂಲಾಗಿ ಲೀಟರಿಗೆ 10 ಮಿಲಿಗ್ರಾಂ ಒಳಗೆ ಇರುತ್ತದೆ. ಏರಲು ಆರೇಳು ಗಂಟೆ ಬೇಕು, ತುದಿ ಮುಟ್ಟಲು ಸುಮಾರು ಎರಡು ದಿನ. ಕಾರಣ ನಿಂತರೆ ಸುಮಾರು 19 ಗಂಟೆಗೆ ಅರ್ಧದಷ್ಟು ಇಳಿಯುತ್ತದೆ. ಅದಕ್ಕೇ ಒಂದು ಸಲದ 96ಕ್ಕಿಂತ, ಎರಡು ಮೂರು ದಿನ ಬಿಟ್ಟು ನೋಡಿದ ಅಂಕಿ ಎಷ್ಟಕ್ಕೆ ಇಳಿದಿದೆ ಎನ್ನುವುದು ಡಾಕ್ಟರಿಗೆ ಜಾಸ್ತಿ ಉಪಯೋಗ. ಯಾವ ಬ್ಯಾಕ್ಟೀರಿಯಾ, ಎಲ್ಲಿದೆ ಎಂದು ಸಿಆರ್‌ಪಿ ಹೇಳುವುದಿಲ್ಲ.

ಅದೇ ಇಂಟರ್‌ಲ್ಯೂಕಿನ್-6 ಪಿತ್ತಜನಕಾಂಗದಿಂದ ಹೆಪ್ಸಿಡಿನ್ ಎಂಬ ಇನ್ನೊಂದು ವಸ್ತುವನ್ನೂ ಬಿಡಿಸುತ್ತದೆ. ಅದು ರಕ್ತಕ್ಕೆ ಕಬ್ಬಿಣ ಬರುವ ಬಾಗಿಲು ಮುಚ್ಚುತ್ತದೆ. ಯಾಕೆಂದರೆ ಬ್ಯಾಕ್ಟೀರಿಯಾಗಳಿಗೂ ಬೆಳೆಯಲು ಕಬ್ಬಿಣ ಬೇಕು. ನ್ಯೂಟ್ರೋಫಿಲ್‌ಗಳೂ ಕಬ್ಬಿಣ ಕಟ್ಟಿಹಾಕುವ ಪ್ರೋಟೀನುಗಳನ್ನು ಗಾಯದಲ್ಲಿ ಚೆಲ್ಲುತ್ತವೆ. ಇದು ಮೀನುಗಾರರ ಮನೆಯವರು ತಿಳಿದಿರಬೇಕಾದ ಮಾತು. ಕಡಲು ಮತ್ತು ಅಳಿವೆಯ ಬೆಚ್ಚಗಿನ ನೀರಿನಲ್ಲಿ ವಿಬ್ರಿಯೋ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಮೀನು, ಎಟ್ಟಿ, ಮರುವಾಯಿಯಿಂದ (ಚಿಪ್ಪಿನಿಂದ) ಆದ ಗಾಯದ ಮೂಲಕ ಒಳಗೆ ಹೋಗಬಲ್ಲದು. ಗಟ್ಟಿಮುಟ್ಟಾದವರಲ್ಲಿ ಅಪರೂಪ. ಆದರೆ ಪಿತ್ತಜನಕಾಂಗ ಹಾಳಾದವರಲ್ಲಿ, ಅದರಲ್ಲೂ ಕುಡಿತದಿಂದ ಹಾಳಾದವರಲ್ಲಿ, ಹೆಪ್ಸಿಡಿನ್ ಕಡಿಮೆ, ರಕ್ತದಲ್ಲಿ ಕಬ್ಬಿಣ ಸಡಿಲವಾಗಿ ಸಿಗುತ್ತದೆ. ಅಂಥವರಲ್ಲಿ ಇದು ಒಂದೆರಡು ದಿನದಲ್ಲೇ ಪ್ರಾಣಕ್ಕೆ ಬರಬಹುದು. ನಿಮ್ಮ ಅಮ್ಮನದು ಮೂರನೇ ದಿನ ನಿಧಾನವಾಗಿ ಕೀವಾದ ಗಾಯ, ಹಾಗಾಗಿ ಇದೇ ಎಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಲಿವರ್ ತೊಂದರೆ ಇರುವವರು ಯಾರಾದರೂ ಬೋಟಿಗೆ ಹೋಗುತ್ತಿದ್ದರೆ, ಗಾಯವಾಗಿ ಗಂಟೆಗಳಲ್ಲಿ ನೀಲಿ ಬೊಬ್ಬೆ ಎದ್ದು ವಿಪರೀತ ನೋವು ಬಂದರೆ, ಮರುದಿನ ಬೆಳಿಗ್ಗೆವರೆಗೆ ಕಾಯಬೇಡಿ.

ಮಜ್ಜೆಗೆ ಸುದ್ದಿ ಮುಟ್ಟಿದರೆ ದಾಸ್ತಾನು ಇಟ್ಟ ನ್ಯೂಟ್ರೋಫಿಲ್‌ಗಳು ರಕ್ತಕ್ಕೆ ಬಿಡುಗಡೆಯಾಗುತ್ತವೆ. ರಕ್ತದಲ್ಲಿ ಮಾಮೂಲಾಗಿ ಬಿಳಿ ಕಣ 4,000ದಿಂದ 11,000, ಅದರಲ್ಲಿ ನ್ಯೂಟ್ರೋಫಿಲ್ ಶೇಕಡಾ 40ರಿಂದ 70. ಅಮ್ಮನ 17,200 ಮತ್ತು 88 ಅಂದರೆ ಕರೆ ಮುಟ್ಟಿದೆ, ಕಣಗಳು ಹೊರಟಿವೆ. ಅಷ್ಟೇ ಅದರ ಅರ್ಥ. ಅವು ತಲುಪಿದವೋ, ತಲುಪಿ ಸರಿಯಾಗಿ ಕೆಲಸ ಮಾಡಿದವೋ ಎಂದು ಆ ಅಂಕಿ ಹೇಳುವುದಿಲ್ಲ.

ಕಂಕುಳ ಗಡ್ಡೆ ಬೇರೆ ವಿಭಾಗದ ಕೆಲಸ. ಗಾಯದಲ್ಲಿ ಡೆಂಡ್ರಿಟಿಕ್ ಕೋಶಗಳು ಬ್ಯಾಕ್ಟೀರಿಯಾದ ತುಣುಕು ಹೊತ್ತು ಕಂಕುಳಿನ ದುಗ್ಧಗ್ರಂಥಿಗೆ ಹೋಗುತ್ತವೆ. ಅಲ್ಲಿ ಆ ತುಣುಕಿಗೆ ಸರಿಹೊಂದುವ ಟಿ ಮತ್ತು ಬಿ ಕೋಶಗಳು ಎಂಬ ಬೇರೆ ಬಗೆಯ ಬಿಳಿ ಕಣಗಳು ಸಿಕ್ಕಿ, ಮರಿಮಾಡಿ, ಗ್ರಂಥಿ ಊದುತ್ತದೆ. ಒಂದು ಬಗೆಯ ಟಿ ಕೋಶ ಇಂಟರ್‌ಲ್ಯೂಕಿನ್-17 ಬಿಟ್ಟು ಇನ್ನಷ್ಟು ನ್ಯೂಟ್ರೋಫಿಲ್ ಕರೆಸುತ್ತದೆ. ಇನ್ನೊಂದು ಬಗೆಯದು ಇಂಟರ್‌ಫೆರಾನ್ ಗಾಮಾ ಬಿಟ್ಟು ಮ್ಯಾಕ್ರೋಫೇಜ್‌ಗೆ ಬಲ ಕೊಡುತ್ತದೆ. ಬಿ ಕೋಶಗಳಿಂದ ಆಂಟಿಬಾಡಿ ಬರುವಷ್ಟರಲ್ಲಿ ಅಮ್ಮನ ಬೆರಳು ಒಣಗುತ್ತಾ ಬಂದಿರುತ್ತದೆ. ಗಡ್ಡೆ ಇಳಿಯಲು ಎರಡು ಮೂರು ವಾರ ಹಿಡಿಯಬಹುದು, ತಿಕ್ಕಬೇಡಿ.

ಹಾಗಾದರೆ ಅಮ್ಮನಿಗೇ ಯಾಕೆ ಹೀಗಾಯಿತು? ದಿನಾ ಮುಳ್ಳು ಚುಚ್ಚಿಸಿಕೊಳ್ಳುವ ಬೇರೆಯವರಿಗೆ ಆಗಲಿಲ್ಲ ಅಲ್ವಾ? ನನ್ನ ಬೆರಳು ಹೋಗುವುದು 286ರ ಮೇಲೆ. ಸಕ್ಕರೆ ಹೀಗೆ ಏರಿದ್ದರೆ ನ್ಯೂಟ್ರೋಫಿಲ್‌ಗಳು ಜಾಡು ಹಿಡಿದು ಹೋಗುವುದು ನಿಧಾನ, ನುಂಗುವುದು ಕಡಿಮೆ, ಬ್ಲೀಚ್ ಮಾಡುವ ಶಕ್ತಿಯೂ ಕಡಿಮೆ. ಕಣಗಳಿಗೇನೂ ಕೊರತೆ ಇಲ್ಲ, ತಲುಪುವುದು ತಡ. 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುವವರ ಎದುರು ತಡ ಎನ್ನುವುದು ದೊಡ್ಡ ನಷ್ಟ. ನರಗಳ ಸ್ಪರ್ಶ ಕಡಿಮೆಯಾಗಿದ್ದರೆ ನೋವು ಗೊತ್ತಾಗುವುದೂ ತಡ. ಸೋಂಕು ಬಂದಾಗ ಸಕ್ಕರೆ ಇನ್ನೂ ಏರುತ್ತದೆ ಎನ್ನುವುದೂ ನಿಜ, ಹಾಗಾಗಿ 286 ಪೂರ್ತಿ ಹಳೆಯದ್ದಲ್ಲ. ಹಿಂದಿನ ಮೂರು ತಿಂಗಳ ಕಥೆ ಬೇಕಾದರೆ ಎಚ್‌ಬಿಎ1ಸಿ ಎಂಬ ರಕ್ತ ಪರೀಕ್ಷೆ ಮಾಡಿಸಿ.

ನಮ್ಮ ಕರಾವಳಿಯಲ್ಲಿ ಶುಗರ್ ಇರುವವರಿಗೆ ಇನ್ನೊಂದು ಕಾರಣಕ್ಕೂ ನಾನು ಇದನ್ನು ಒತ್ತಿ ಹೇಳುತ್ತೇನೆ. ಉಡುಪಿ, ದಕ್ಷಿಣ ಕನ್ನಡದ ಮಣ್ಣು ಮತ್ತು ಕೆಸರು ನೀರಿನಲ್ಲಿ ಮೆಲಿಯಾಯ್ಡೋಸಿಸ್ ತರುವ ಬ್ಯಾಕ್ಟೀರಿಯಾ ಇದೆ. ಮಳೆಗಾಲದಲ್ಲಿ ಮಣಿಪಾಲ, ಮಂಗಳೂರಿನ ಆಸ್ಪತ್ರೆಗಳಲ್ಲಿ ಇಂಥ ರೋಗಿಗಳು ಸಿಗುತ್ತಾರೆ. ರಂಗೂನಿನಲ್ಲಿ ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು ನೂರು ವರ್ಷಕ್ಕೂ ಹಿಂದೆ ಗುರುತಿಸಿದ ರೋಗ ಇದು. ಈ ಬ್ಯಾಕ್ಟೀರಿಯಾದ ಚಾಲಾಕಿತನ ಏನೆಂದರೆ, ನುಂಗಿದ ಮ್ಯಾಕ್ರೋಫೇಜಿನ ಹೊಟ್ಟೆಯೊಳಗೇ ಬದುಕಿ, ಅಲ್ಲಿಂದ ಪಕ್ಕದ ಕೋಶಕ್ಕೆ ದಾಟುತ್ತದೆ. ಇದು ತಗಲುವವರಲ್ಲಿ ಶುಗರ್ ಇರುವವರೇ ಜಾಸ್ತಿ. ಚಿಕಿತ್ಸೆಯೂ ತಿಂಗಳುಗಟ್ಟಲೆ. ಎರಡು ವಾರ ದಾಟಿದರೂ ಬಿಡದ ಜ್ವರ, ಮಾಮೂಲು ಔಷಧಕ್ಕೆ ಬಗ್ಗದ ಕೀವು ಇದ್ದರೆ "ಶುಗರ್ ಇದೆ, ಕೆಸರಲ್ಲಿ ಓಡಾಡುತ್ತೇವೆ" ಎಂದು ಡಾಕ್ಟರಿಗೆ ನೀವಾಗಿಯೇ ಹೇಳಿ.

ಪೌಡರ್ ವಿಷಯ. ನನಗೆ ಈ "ಬೂಸ್ಟರ್" ಎನ್ನುವ ಮಾತು ಕಂಡರೆ ಆಗುವುದಿಲ್ಲ ಮಾರಾಯ್ರೆ. ಏನನ್ನು ಬೂಸ್ಟ್ ಮಾಡುವುದು? ಟಿಎನ್‌ಎಫ್ ಬೆರಳಲ್ಲಿ ಇದ್ದಾಗ ದಾರಿ ತೋರಿಸುತ್ತದೆ. ಅದೇ ಟಿಎನ್‌ಎಫ್ ಇಡೀ ಮೈಯ ರಕ್ತದಲ್ಲಿ ಉಕ್ಕಿದರೆ ಎಲ್ಲ ನಾಳಗಳೂ ಒಟ್ಟಿಗೆ ಸಡಿಲವಾಗಿ ಬಿಪಿ ಬೀಳುತ್ತದೆ, ಕಿಡ್ನಿ ನಿಲ್ಲುತ್ತದೆ. ಅದು ಸೆಪ್ಸಿಸ್. ಸೋಂಕಿಗೆ ದೇಹ ಕೊಡುವ ಉತ್ತರವೇ ಹದ ತಪ್ಪಿ ಅಂಗಗಳು ಕೆಡುವುದು ಎಂದೇ 2016ರಿಂದ ವೈದ್ಯರು ಅದನ್ನು ವಿವರಿಸುತ್ತಾರೆ. ಹಾಗಾದರೆ ಟಿಎನ್‌ಎಫ್ ಕಟ್ಟಿಹಾಕಿದರೆ ಸರಿ ಎಂದು 1990ರ ದಶಕದಲ್ಲಿ ಸೆಪ್ಸಿಸ್ ರೋಗಿಗಳಿಗೆ ಅಂಥ ಔಷಧ ಕೊಟ್ಟು ನೋಡಿದರು, ನಿರೀಕ್ಷಿಸಿದ ಗುಣ ಸಿಗಲಿಲ್ಲ. ಅಂಥದ್ದೇ ಔಷಧ ಸಂಧಿವಾತಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕೆಲವರಲ್ಲಿ ಮಲಗಿದ್ದ ಕ್ಷಯ ಏಳುತ್ತದೆ. ಅದಕ್ಕೇ ಶುರು ಮಾಡುವ ಮೊದಲು ಕ್ಷಯದ ಪರೀಕ್ಷೆ ಮಾಡಿಸುತ್ತಾರೆ. ಜಾಸ್ತಿಯೂ ಕಷ್ಟ, ಕಡಿಮೆಯೂ ಕಷ್ಟ ಎನ್ನುವ ಈ ವ್ಯವಸ್ಥೆಯನ್ನು ದಿನಕ್ಕೆ ಎರಡು ಚಮಚದಲ್ಲಿ ಸರಿಮಾಡುತ್ತೇವೆ ಎನ್ನುವವರಿಗೆ ಏನು ಹೇಳುವುದು. ಆ ದುಡ್ಡಿಗೆ ಅಮ್ಮನಿಗೆ ಒಳ್ಳೆಯ ರಬ್ಬರ್ ಕೈಗವಸು ತೆಗೆದುಕೊಡಿ. ಪಕ್ಕದ ಮನೆಯ ಅಕ್ಕನಿಗೆ ಬೇಜಾರಾಗದ ಹಾಗೆ ಹೇಳುವ ಜವಾಬ್ದಾರಿ ನಿಮ್ಮದು.

ಈಗ ಬೆರಳಲ್ಲಿ ನಡೆಯುತ್ತಿರುವುದು ಕೆಲಸ ಮುಗಿಸುವ ಹಂತ. ಮ್ಯಾಕ್ರೋಫೇಜ್‌ಗಳು ಸತ್ತ ನ್ಯೂಟ್ರೋಫಿಲ್‌ಗಳನ್ನು ನುಂಗುತ್ತವೆ. ನುಂಗಿದ ಮೇಲೆ ಅವು ಮೊದಲಿನ ಸುದ್ದಿ ನಿಲ್ಲಿಸಿ ಇಂಟರ್‌ಲ್ಯೂಕಿನ್-10 ಮುಂತಾದ ತಣಿಸುವ ವಸ್ತುಗಳನ್ನು ಬಿಡುತ್ತವೆ, ಹೊಸ ಅಂಗಾಂಶ ಕಟ್ಟಲು ಶುರುವಾಗುತ್ತದೆ. ಕೀವು ನಿಂತ ಮೇಲೂ ಬೆರಳು ಕೆಲವು ದಿನ ಗಟ್ಟಿಯಾಗಿ, ಚರ್ಮ ಸುಲಿಯುತ್ತಾ ಇರುತ್ತದೆ. ಅದಕ್ಕೆ ಹೆದರಬೇಡಿ.

ಹೆದರಬೇಕಾದದ್ದು ಬೇರೆ. ಕೆಂಪು ಗೆರೆ ಬೆರಳಿನಿಂದ ತೋಳಿನ ಕಡೆ ಏರಿದರೆ, ಬೆರಳು ಮಡಚಲು ಬಿಡಿಸಲು ಆಗದಷ್ಟು ನೋವಾದರೆ, ಇಳಿದ ಜ್ವರ ಮತ್ತೆ ಬಂದರೆ, ಅಮ್ಮ ಮಂಕಾಗಿ ತಡವರಿಸಿ ಮಾತಾಡಿದರೆ, ಉಸಿರು ಜೋರಾದರೆ, ಮೂತ್ರ ಕಡಿಮೆಯಾದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಧನುರ್ವಾಯು ಇಂಜೆಕ್ಷನ್ ಕೊನೆಗೆ ಯಾವಾಗ ಆಗಿತ್ತು ಎಂದೂ ಡಾಕ್ಟರಿಗೆ ಹೇಳಿ. ಕೊಳೆ ಸೇರಿದ ಗಾಯವಾದ್ದರಿಂದ ಐದು ವರ್ಷ ದಾಟಿದ್ದರೆ ಸಾಮಾನ್ಯವಾಗಿ ಇನ್ನೊಂದು ಕೊಡುತ್ತಾರೆ. ಕೀವನ್ನು ಕಲ್ಚರಿಗೆ ಕಳಿಸಿದ್ದರೆ ರಿಪೋರ್ಟ್ ಬರಲು ಎರಡು ಮೂರು ದಿನ ಬೇಕು, ಯಾಕೆಂದರೆ ಬ್ಯಾಕ್ಟೀರಿಯಾ ಬೆಳೆದ ಮೇಲೆಯೇ ಯಾವ ಔಷಧಕ್ಕೆ ಸಾಯುತ್ತದೆ ಎಂದು ನೋಡಲು ಸಾಧ್ಯ. ಅದು ಬಂದ ಮೇಲೆ ಡಾಕ್ಟರ್ ಮಾತ್ರೆ ಬದಲಿಸಿದರೆ ಮೊದಲಿನದ್ದು ತಪ್ಪಾಗಿತ್ತು ಎಂದಲ್ಲ. ಬದಲಿಸದಿದ್ದರೆ ಈಗ ಕೊಟ್ಟದ್ದನ್ನೇ ಹೇಳಿದಷ್ಟು ದಿನ ಕೊಡಿ, ಬೆರಳು ಚೆನ್ನಾಗಿ ಕಂಡಿತೆಂದು ನಡುವೆ ನಿಲ್ಲಿಸಬೇಡಿ.